ಐವತ್ತಮೂರು ಸಣ್ಣ ಮಣಿ

ಅಗ್ನಸ್ ಚೇಚಿಯ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ ಇದೆ. ರಬ್ಬರ್ ಮರ ಕೆತ್ತುವವರ ಕೈಯಲ್ಲಿ ಇಂಥ ಗೆರೆಗಳು ಹತ್ತಾರು ಇರುತ್ತವೆ. ಆದ್ದರಿಂದ ನೋಡಿದವರು ಇದನ್ನೂ ಕತ್ತಿ ತಾಗಿ ಆದದ್ದು ಎಂದುಕೊಳ್ಳುತ್ತಾರೆ. ಇದು ಕತ್ತಿಯದ್ದಲ್ಲ, ಶಾಲೆಯ ಬೆತ್ತದ್ದು. ೧೯೭೯ನೇ ಇಸವಿಯ ಜೂನ್ ತಿಂಗಳ ಮೊದಲನೆಯ ದಿನ ಆದದ್ದು. ಅದು ಹೇಗೆ ಆಯಿತು ಎಂದು ಬರೆಯುತ್ತೇನೆ. ಹೆಚ್ಚಿನದು ನಾನು ಕಣ್ಣಾರೆ ನೋಡಿದ್ದು. ನೋಡದೆ ಇದ್ದದ್ದು ಆಮೇಲೆ ನನ್ನ ಅಮ್ಮನೂ ಚೇಚಿಯೂ ಹೇಳಿದ್ದು.

ನೆಲ್ಯಾಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ, ನಮ್ಮ ಮನೆಯಿಂದ ಒಂದು ಸಣ್ಣ ನೀರಿನ ತೋಡು ದಾಟಿದರೆ ಅವರ ಮನೆ. ಗಂಡ ಏಲಿಯಾಸ್ ಚೇಟ, ಮಗ ಆಂಟಣಿ. ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದವರು. ಮನೆಯೊಳಗೆ ಅವರದು ಮಲಯಾಳ, ನಮ್ಮ ಹತ್ತಿರ ಕನ್ನಡ. ಅಕ್ಕನಿಗೆ ಅವರ ಮಾತಿನಲ್ಲಿ ಚೇಚಿ, ಅಣ್ಣನಿಗೆ ಚೇಟ ಎನ್ನುತ್ತಾರೆ. ಊರಿನವರೆಲ್ಲ ಅದನ್ನೇ ಹಿಡಿದುಕೊಂಡೆವು. ಚೇಚಿ ಎಂಟನೆಯ ಕ್ಲಾಸಿನವರೆಗೆ ಕಲಿತವರು.

ಏಲಿಯಾಸ್ ಚೇಟ ಬಲವಾದ ಆಳು. ಮರಗೆಣಸಿನ ಗದ್ದೆಗೆ ಬರುವ ಹಂದಿಗಳಿಗೆ ಹೊಂಡ ತೋಡಿ, ಬಿದ್ದ ಹಂದಿಯ ಮೇಲೆ ತಾವೇ ಇಳಿದು ಕೊಡಲಿಯ ಹಿಂಬದಿಯಿಂದ ಹಣೆಗೆ ಹೊಡೆದು ಕೊಲ್ಲುತ್ತಿದ್ದರು. ಒಂದೇ ಪೆಟ್ಟು ಸಾಕಾಗುತ್ತಿತ್ತು. ಕೈ ತೊಳೆದು ಸಂಜೆಯ ಪ್ರಾರ್ಥನೆಗೆ ಕೂರುತ್ತಿದ್ದರು. ಅದೇ ಕೈಯಿಂದ ಚೇಚಿಗೂ ಹೊಡೆಯುತ್ತಿದ್ದರು. ನನ್ನ ಅಮ್ಮ ಸೀತು ಅವರ ತೋಟಕ್ಕೆ ರಬ್ಬರ್ ಹಾಲು ಒಟ್ಟು ಮಾಡಲು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕೇಳಿದ್ದು ನನಗೆ ನೆನಪಿದೆ.

"ಎಂತ ಚೇಚಿ, ಕೆನ್ನೆ ಎಲ್ಲ ಬಾತಿದೆ?"

"ಎಂತ ಇಲ್ಲ ಸೀತು. ಬಾಗಿಲು ಬಡಿದದ್ದು."

"ನಿಮ್ಮ ಬಾಗಿಲಿಗೆ ಐದು ಬೆರಳು ಉಂಟಾ ಮಾರಾಯ್ತಿ?"

ಚೇಚಿ ನಗಲು ಹೋಗಿ ಬಾಯಿ ನೋವಾಗಿ ಅರ್ಧಕ್ಕೇ ನಿಲ್ಲಿಸಿದರು.

ಆಂಟಣಿಗೆ ಆಗ ಒಂಬತ್ತು ವರ್ಷ. ಮೂರನೆಯ ಕ್ಲಾಸಿನಲ್ಲಿ ಎರಡನೆಯ ವರ್ಷ. ನಾನು ಅದೇ ಕ್ಲಾಸಿನಲ್ಲಿ ಇದ್ದೆ. ಫೆಬ್ರವರಿಯಲ್ಲಿ ಒಂದು ದಿನ ಮಾಸ್ತರು ಬೋರ್ಡಿನಲ್ಲಿ ಐವತ್ತೆರಡರಿಂದ ಮೂವತ್ತೇಳು ಕಳೆಯುವ ಲೆಕ್ಕ ಬರೆದರು. ಆಂಟಣಿ ಇಪ್ಪತ್ತೈದು ಎಂದು ಬರೆದ. ಎರಡರಿಂದ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಅವನು ಏಳರಿಂದ ಎರಡು ಕಳೆದಿದ್ದ. ನಾವು ನಾಲ್ಕು ಜನ ಹಾಗೆಯೇ ಬರೆದಿದ್ದೆವು. ಆದರೆ ಬೇರೆಯವರ ಸ್ಲೇಟು ನೋಡಿ, ಉಗುಳು ಹಾಕಿ ಒರೆಸಿ ತಿದ್ದಿಕೊಂಡೆವು. ಅವನು ಒರೆಸಲಿಲ್ಲ.

"ಎರಡು ವರ್ಷ ಆಯ್ತಲ್ಲೋ ಇದೇ ಬೆಂಚು ಕಾಯ್ಲಿಕ್ಕೆ ಸುರುಮಾಡಿ! ತಲೆಯೊಳಗೆ ಎಂತ ಉಂಟು, ರಬ್ಬರ್ ಹಾಲಾ?" ಎಂದರು ಮಾಸ್ತರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾಸ್ತರು ಅವನ ಎಡಗೈಯನ್ನು ಮೇಜಿನ ಮೇಲೆ ಕವುಚಿ ಇರಿಸಿ ಬೆರಳಿನ ಗಂಟುಗಳ ಮೇಲೆ ಬೆತ್ತದಿಂದ ಹೊಡೆದರು. ಮೂರು ಪೆಟ್ಟಿಗೆ ಅವನು ಕೂಗಿದ. ನಾಲ್ಕನೆಯದಕ್ಕೆ ಕೂಗಲಿಲ್ಲ. ಐದನೆಯ ಪೆಟ್ಟಿಗೆ ಕಿರುಬೆರಳು ಹೊರಬದಿಗೆ ತಿರುಗಿ ಹಾಗೆಯೇ ನಿಂತಿತು. ಮಾಸ್ತರು ಬೆತ್ತ ಕೆಳಗಿಟ್ಟು, "ಹೋಗು, ನೀರು ಹಾಕು" ಎಂದರು.

ಮರುದಿನ ಏಲಿಯಾಸ್ ಚೇಟ ಟ್ಯಾಪಿಂಗ್ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಶಾಲೆಗೆ ಬಂದರು. ಮಾಸ್ತರ ಮುಖ ಬಿಳಿಚಿತು. ಇವತ್ತು ಇಲ್ಲಿ ಒಂದು ಹೆಣ ಬೀಳುತ್ತದೆ ಎಂದು ನಾವೆಲ್ಲ ಗೋಡೆಗೆ ಒತ್ತಿ ನಿಂತೆವು. ಅವರು ಹೇಳಿದ್ದು ಇಷ್ಟು:

"ಮಾಸ್ತ್ರೆ, ಕಣ್ಣು ಎರಡು ಬಿಟ್ಟು ಬಾಕಿ ಎಲ್ಲಿ ಬೇಕಾದ್ರೂ ಹೊಡೀರಿ. ಮುರಿದ್ರೆ ನಾನು ಕಟ್ಟಿಸ್ತೇನೆ. ಇವನಿಗೆ ಲೆಕ್ಕ ಬರ್ಬೇಕು."

ಹಾಗೆ ಹೇಳಿ, ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ಕೂತಿದ್ದ ಮಗನ ಕೆನ್ನೆಗೆ ನಮ್ಮೆಲ್ಲರ ಎದುರು ಒಂದು ಬಾರಿಸಿದರು. ಅವನು ಬೆಂಚಿನಿಂದ ಕೆಳಗೆ ಬಿದ್ದ.

ಏಪ್ರಿಲ್‌ನಲ್ಲಿ ಆಂಟಣಿ ಪುನಃ ಫೇಲಾದ. ಶಾಲೆ ಸುರುವಾಗುವ ದಿನ ಬಂದು ಕಳೆಯುವ ಲೆಕ್ಕ ಮಾಡಿ ತೋರಿಸಿದರೆ ನಾಲ್ಕಕ್ಕೆ ಹಾಕುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಇರಿಸಿಕೊಳ್ಳಿ ಎಂದು ಮಾಸ್ತರು ಚೇಚಿಗೆ ಹೇಳಿದರು. ಏಲಿಯಾಸ್ ಚೇಟ ಮನೆಯಲ್ಲಿ ಇರಿಸಿಕೊಳ್ಳುವವರಲ್ಲ. ಗುಂಡ್ಯದಲ್ಲಿ ಮರದ ಲಾರಿ ಓಡಿಸುವ ಪೋಕರನಿಗೆ ಹೇಳಿಬಿಟ್ಟರು: ಪಾಸಾಗದಿದ್ದರೆ ಜೂನ್ ಒಂದರಿಂದ ಇವನು ನಿನ್ನ ಲಾರಿಗೆ.

ಆ ಲಾರಿಯಲ್ಲಿ ಕೆಲಸ ಎಂದರೆ ಶಿರಾಡಿ ಘಾಟಿಯ ಏರಿನಲ್ಲಿ ಲಾರಿ ಹಿಂದಕ್ಕೆ ಜಾರುವಾಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುವುದು. ಮೊದಲು ಇದ್ದವನ ಎರಡು ಪಾದ ಮಾರ್ಚ್ ತಿಂಗಳಲ್ಲಿ ಚಕ್ರದಡಿಗೆ ಹೋಗಿತ್ತು. ಪೋಕರನಿಗೇ ಮನಸ್ಸಿರಲಿಲ್ಲ.

"ನಾನು ಬೇಡ ಅನ್ನುದಿಲ್ಲ ಚೇಟ. ಆದ್ರೆ ಇವನಿಗಿಂತ ಆ ಕಲ್ಲು ದೊಡ್ಡ ಉಂಟು" ಎಂದ.

"ಬೆಳೀತಾನೆ" ಎಂದರು ಏಲಿಯಾಸ್ ಚೇಟ.

ಚೇಚಿ ಆ ದಿನವೇ ಮನೆಯಲ್ಲಿ ಶಾಲೆ ಸುರು ಮಾಡಿದರು. ಚಾವಡಿಯಲ್ಲಿ ಚಾಪೆ ಹಾಕಿ ಆಂಟಣಿಯನ್ನು ಕೂರಿಸಿ, ಅವನೊಬ್ಬನೇ ಆದರೆ ಹೆದರುತ್ತಾನೆ ಎಂದು ನನ್ನನ್ನೂ ಕರೆದರು. "ಬೋರ್ಡಿನ ಲೆಕ್ಕ ಇವನ ಕಣ್ಣಿಗೆ ಕಾಣುದಿಲ್ಲ. ಕೈಗೆ ಸಿಗುವಂಥದ್ದು ಎಂತಾದ್ರೂ ಬೇಕು" ಎಂದು ಅಮ್ಮನಿಗೆ ಹೇಳಿದರು. ಯಾವುದು ಬೇಕು ಎಂದು ಹುಡುಕುವುದರಲ್ಲಿಯೇ ಏಪ್ರಿಲ್ ಕಳೆಯಿತು.

ಮೊದಲು ಕಡ್ಡಿ. ಗೊಬ್ಬರದ ಗಿಡದ ನೇರ ಗೆಲ್ಲುಗಳನ್ನು ಗೇಣುದ್ದಕ್ಕೆ ಕಡಿದು, ಸಿಪ್ಪೆ ತೆಗೆದು, ಹತ್ತತ್ತನ್ನು ಬಾಳೆನಾರಿನಿಂದ ಕಟ್ಟಿದರು. ಹತ್ತರ ಕಟ್ಟು, ಬಿಡಿ ಕಡ್ಡಿ. ನನಗೆ ಒಳ್ಳೆಯದೆಂದು ಕಂಡಿತು. ಆದರೆ ಚೇಚಿ "ಇದು ಎಷ್ಟು?" ಎಂದು ಒಂದು ಕಟ್ಟನ್ನು ಎತ್ತಿ ತೋರಿಸಿದ ಕೂಡಲೇ ಆಂಟಣಿ ಎರಡೂ ಕೈ ತಲೆಯ ಮೇಲೆ ಇಟ್ಟು ಮುದುಡಿದ. ಚಾಪೆ ಒದ್ದೆಯಾಯಿತು. ಚೇಚಿ ಆ ಕಡ್ಡಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಎಲ್ಲವನ್ನೂ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಬೆಂಕಿಗೆ ಹಾಕಿದರು.

ಆಮೇಲೆ ಗೇರುಬೀಜ. ಅದರ ಕಾಲವೇ ಆಗಿತ್ತು. ಹತ್ತು ಬೀಜ ಒಂದು ಸರ ಎಂದು ಪೋಣಿಸಲು ದಬ್ಬಳದಿಂದ ತೂತು ಮಾಡಿದಾಗ ಎಣ್ಣೆ ಚಿಮ್ಮಿ ಚೇಚಿಯ ಬೆರಳುಗಳು ಸುಟ್ಟವು. ಗುಳ್ಳೆ ಎದ್ದು, ಒಡೆದು, ಚರ್ಮ ಸುಲಿಯಿತು. ಎರಡು ಸರ ಮುಗಿಸಿದ ಮೇಲೆಯೇ ನಿಲ್ಲಿಸಿದರು. ಮಕ್ಕಳ ಕೈಗೆ ಅದನ್ನು ಕೊಡಲಿಲ್ಲ.

ಆಮೇಲೆ ರಬ್ಬರ್ ಬೀಜ. ಹಿಂದಿನ ಮಳೆಗಾಲದಲ್ಲಿ ಹೆಕ್ಕಿ ಇಟ್ಟದ್ದು ಎಷ್ಟು ಬೇಕಾದರೂ ಇತ್ತು, ನುಣ್ಣಗೆ ಚಂದವೂ ಇತ್ತು. ತೂತು ಮಾಡಿದರೆ ಸೀಳುತ್ತಿತ್ತು. ಒಟ್ಟು ಮಾಡಿ ಇಟ್ಟರೆ ಉರುಳುತ್ತಿತ್ತು. ಆಂಟಣಿಯ ಸೊಟ್ಟ ಬೆರಳಿನ ಸಂದಿನಿಂದ ಜಾರುತ್ತಿತ್ತು. ಹತ್ತು ಎಂದು ಇಟ್ಟದ್ದು ಒಂದು ಕೋಳಿ ಹಾದುಹೋದರೆ ಒಂಬತ್ತಾಗುತ್ತಿತ್ತು. "ಹತ್ತು ಹತ್ತಾಗಿಯೇ ನಿಲ್ಬೇಕು. ಬೇಕು ಅಂದಾಗ ಬಿಡಿಯೂ ಆಗ್ಬೇಕು" ಎಂದು ಚೇಚಿ ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗ ಅವರ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಏಲಿಯಾಸ್ ಚೇಟನ ತೀರಿಹೋದ ತಾಯಿಯ ಕೊಂತ ನೇತಾಡುತ್ತಿತ್ತು. ಪ್ರಾರ್ಥನೆಯ ಮಣಿಸರಕ್ಕೆ ಅವರು ಕೊಂತ ಎನ್ನುತ್ತಾರೆ. ಕರಿಮರದ ಮಣಿಗಳು, ದಪ್ಪ ನೂಲು. ಹತ್ತು ಸಣ್ಣ ಮಣಿ, ಒಂದು ದೊಡ್ಡ ಮಣಿ, ಪುನಃ ಹತ್ತು ಸಣ್ಣ, ಒಂದು ದೊಡ್ಡ. ಚೇಚಿಯದ್ದೇ ಆದ ಗಾಜಿನ ಕೊಂತವೊಂದು ಇತ್ತು. ಹಿಂದಿನ ಕ್ರಿಸ್ಮಸ್‌ಗೆ ಏಲಿಯಾಸ್ ಚೇಟ ಅವರ ಕುತ್ತಿಗೆ ಹಿಡಿದು ಎಳೆದಾಗ ಅದು ತುಂಡಾಗಿ ಹೋಗಿತ್ತು.

ಮಧ್ಯಾಹ್ನ ಗಂಡ ತೋಟದಲ್ಲಿ ಇರುವಾಗ ಚೇಚಿ ಅತ್ತೆಯ ಕೊಂತವನ್ನು ಇಳಿಸಿ, ಶಿಲುಬೆಗೆ ಮುತ್ತು ಕೊಟ್ಟು, ಆಂಟಣಿಯ ಕೈಗೆ ಕೊಟ್ಟರು. ಅದು ಅವನಿಗೆ ಹೆದರಿಕೆಯ ವಸ್ತುವಲ್ಲ. ದಿನಾ ಸಂಜೆ ನೋಡಿದ್ದೇ.

"ಇದು ಒಂದು ಹತ್ತು. ಇದು ಇನ್ನೊಂದು ಹತ್ತು. ಎರಡು ಹತ್ತು ಸೇರಿದ್ರೆ ಎಷ್ಟು?"

ಅವನು ಮಣಿ ಮುಟ್ಟುತ್ತಾ ಹೋಗಿ, "ಇಪ್ಪತ್ತೆರಡು" ಎಂದ.

"ಸರಿ ನೋಡು."

"ಇಪ್ಪತ್ತೆರಡು."

ಮರುದಿನವೂ ಇಪ್ಪತ್ತೆರಡು. ಮೂರು ಹತ್ತು ಎಂದರೆ ಮೂವತ್ತಮೂರು. ಮೂರನೆಯ ದಿನ ಚೇಚಿಗೆ ತಡೆಯಲಾಗಲಿಲ್ಲ. ಒಲೆಯ ಹತ್ತಿರದಿಂದ ಬಂದವರ ಕೈಯಲ್ಲಿ ಮರದ ಸೌಟು ಇತ್ತು. ಅದರಿಂದ ಅವನ ಹೆಗಲಿಗೆ, ಬೆನ್ನಿಗೆ, ಪುನಃ ಹೆಗಲಿಗೆ ಹೊಡೆದರು. "ನಿನ್ನನ್ನು ಲಾರಿಗೆ ಹಾಕುದು ಅಂತ ಗೊತ್ತುಂಟಾ? ಕಾಲು ಹೋಗ್ತದೆ, ಗೊತ್ತುಂಟಾ?" ಎಂದು ಹೊಡೆಯುತ್ತಲೇ ಅತ್ತರು.

ಆಂಟಣಿ ಅಳಲಿಲ್ಲ. ಕೊಂತವನ್ನು ಎತ್ತಿ ಹಿಡಿದು ಒಂದೊಂದೇ ಮಣಿ ಮುಟ್ಟಿ ಎಣಿಸಿದ. ಹತ್ತು ಸಣ್ಣದಾದ ಮೇಲೆ ಬೆರಳನ್ನು ದೊಡ್ಡ ಮಣಿಯ ಮೇಲೆ ಇಟ್ಟು, "ಹನ್ನೊಂದು ಉಂಟು ಅಮ್ಮಚ್ಚಿ" ಎಂದ.

ಸಣ್ಣ ಮಣಿಗೆ ಮರಿಯಮ್ಮನ ಪ್ರಾರ್ಥನೆ, ದೊಡ್ಡ ಮಣಿಗೆ ಬೇರೆಯೇ ಪ್ರಾರ್ಥನೆ. ಅದು ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಸಣ್ಣಂದಿನಿಂದ ಜಪ ಮಾಡಿದ ಚೇಚಿಯ ಬೆರಳು ಆ ದೊಡ್ಡ ಮಣಿಯನ್ನು ಎಂದೂ ಹತ್ತರೊಳಗೆ ಎಣಿಸಿದ್ದಿಲ್ಲ; ಅದು ಅಲ್ಲಿದೆ ಎಂದು ಹೇಳಬೇಕೆಂಬುದೂ ಅವರಿಗೆ ಹೊಳೆದಿರಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಎಣಿಸಿದ್ದ.

ಚೇಚಿ ನೆಲಕ್ಕೆ ಕೂತರು. ಸೌಟನ್ನು ಅಂಗಳಕ್ಕೆ ಎಸೆದರು. ಆಮೇಲೆ ಅವನ ಅಂಗಿ ತೆಗೆದು ಹೆಗಲಿಗೆ ತೆಂಗಿನೆಣ್ಣೆ ಹಚ್ಚುತ್ತಾ ಹೇಳಿದರು: "ನಿನ್ನ ಲೆಕ್ಕ ಸರಿ ಮೋನೆ. ಹೇಳಿಕೊಟ್ಟವಳದ್ದು ತಪ್ಪು."

ಆ ತಪ್ಪಿನಿಂದಲೇ ಅವರಿಗೆ ದಾರಿ ಸಿಕ್ಕಿತು. ದೊಡ್ಡ ಮಣಿಯೇ ಹತ್ತು ಆಗಲಿ ಎಂದರು. ಹತ್ತು ಸಣ್ಣದನ್ನು ಕೊಟ್ಟರೆ ಒಂದು ದೊಡ್ಡದು, ಒಂದು ದೊಡ್ಡದನ್ನು ಕೊಟ್ಟರೆ ಹತ್ತು ಸಣ್ಣದು. ಆದರೆ ಅದಕ್ಕೆ ಮಣಿಗಳು ಬಿಡಿಯಾಗಬೇಕು. ಚೇಚಿ ಗೋಡೆಯ ಕಡೆ ನೋಡಿ, ಬಾಗಿಲ ಕಡೆ ನೋಡಿ, ನೂಲಿನ ಗಂಟು ಬಿಚ್ಚಿದರು. ಶಿಲುಬೆಯ ಹತ್ತಿರದ ಮೂರು ಸೇರಿ ಸಣ್ಣ ಮಣಿ ಐವತ್ತಮೂರು, ದೊಡ್ಡ ಮಣಿ ಆರು. ಎಣಿಸಿ ಬಿದಿರಿನ ಗೆರಸೆಯಲ್ಲಿ ಹಾಕಿದೆವು.

ಅಲ್ಲಿಂದ ದಿನಾ ಹಾಗೆಯೇ. ಊಟ ಆದ ಮೇಲೆ ಬಿಚ್ಚುವುದು, ಏಲಿಯಾಸ್ ಚೇಟ ಬರುವ ಮೊದಲು ಪೋಣಿಸಿ ಮೊಳೆಗೆ ಹಾಕುವುದು. ಪೋಣಿಸುವ ಕೆಲಸ ನಮ್ಮಿಬ್ಬರದು: ಹತ್ತು, ಒಂದು, ಹತ್ತು, ಒಂದು. ತಪ್ಪಿದರೆ ಪ್ರಾರ್ಥನೆಯಲ್ಲಿ ಸಿಕ್ಕಿಬೀಳುತ್ತೇವೆ ಎಂದು ಎರಡೆರಡು ಸಲ ನೋಡುತ್ತಿದ್ದೆವು. ಐವತ್ತೆರಡು ಎಂದರೆ ಐದು ದೊಡ್ಡದು, ಎರಡು ಸಣ್ಣದು. ಅದರಿಂದ ಏಳು ಸಣ್ಣದು ಕೊಡು ಎಂದರೆ ಇಲ್ಲ. ಆಗ ಆಂಟಣಿ ಒಂದು ದೊಡ್ಡದನ್ನು ಚೇಚಿಯ ಕೈಗೆ ಕೊಟ್ಟು ಹತ್ತು ಸಣ್ಣದು ತೆಗೆದುಕೊಳ್ಳುತ್ತಿದ್ದ. ಮೇ ತಿಂಗಳ ಎರಡನೆಯ ವಾರ ಅವನು ಮೊದಲ ಸಲ ಹದಿನೈದು ಎಂದ. ಚೇಚಿ ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದುಕೊಟ್ಟರು.

ಮೇ ಇಪ್ಪತ್ತೊಂದರ ಸುಮಾರಿಗೆ ಒಂದು ಮಧ್ಯಾಹ್ನ ಮಳೆ ಹನಿಯಿತು. ಏಲಿಯಾಸ್ ಚೇಟ ಬೇಗ ಬಂದರು. ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ಅವರು ಮೊದಲು ಖಾಲಿ ಮೊಳೆಯನ್ನು ನೋಡಿದರು, ಆಮೇಲೆ ಗೆರಸೆಯನ್ನು.

"ನನ್ನ ಅಮ್ಮಚ್ಚಿಯ ಕೊಂತ ಯಾರು ಮುರಿದದ್ದು?"

"ಮುರಿದದ್ದಲ್ಲ. ಬಿಚ್ಚಿದ್ದು. ಈಗ ಪೋಣಿಸ್ತೇನೆ..." ಎಂದರು ಚೇಚಿ.

ಅವರು ಗೆರಸೆಯನ್ನು ಒದ್ದರು. ಮಣಿಗಳು ಚಾವಡಿ ತುಂಬ ಹಾರಿದವು. ಚೇಚಿಯ ಜಡೆಯನ್ನು ಕೈಗೆ ಸುತ್ತಿ ಎಳೆದು ತಲೆಯನ್ನು ಬಾಗಿಲ ದಾರಂದಕ್ಕೆ ಹೊಡೆದರು. ಒಂದು ಸಲ, ಎರಡು ಸಲ. ಹಲ್ಲು ತಾಗಿ ತುಟಿ ಸೀಳಿತು. ಚೇಚಿ ಬಿದ್ದಾಗ ಹೊಟ್ಟೆಗೆ ತುಳಿದರು. "ಸತ್ತವಳ ಪ್ರಾರ್ಥನೆಯ ಸಾಮಾನು ನಿಮಗೆ ಆಟಕ್ಕಾ? ಆಟಕ್ಕಾ?" ಎಂದು ಒಂದೊಂದು ಮಾತಿಗೆ ಒಂದೊಂದು ಪೆಟ್ಟು. ನಾನು ಓಡಿಹೋಗಿ ಅಮ್ಮನನ್ನು ಕರೆಯಬೇಕಿತ್ತು. ಬೆಂಚಿನ ಹಿಂದೆ ಕೂತವಳು ಏಳಲಿಲ್ಲ.

ಆಂಟಣಿ ನೆಲದಲ್ಲಿ ತೆವಳುತ್ತಿದ್ದ. ಅಪ್ಪನ ಕಾಲುಗಳ ನಡುವೆಯೇ ಮಣಿಗಳನ್ನು ಹೆಕ್ಕಿ ಗೆರಸೆಗೆ ಹಾಕುತ್ತಿದ್ದ. ದೊಡ್ಡವು ಆರೂ ಬೇಗ ಸಿಕ್ಕಿದವು. ಸಣ್ಣವನ್ನು ಹತ್ತು ಹತ್ತು ಸಾಲು ಮಾಡಿ ಇಟ್ಟ. ಮೂರು ಸಾಲು ಮತ್ತು ಆರು. ಸ್ವಲ್ಪ ಹೊತ್ತು ಅವನ ತುಟಿ ಅಲುಗಾಡಿತು. ಆಮೇಲೆ ಗಟ್ಟಿಯಾಗಿ ಹೇಳಿದ:

"ಇನ್ನು ಹದಿನೇಳು ಬೇಕು."

ಏಲಿಯಾಸ್ ಚೇಟನ ಎತ್ತಿದ ಕೈ ಅಲ್ಲಿಯೇ ನಿಂತಿತು. "ಎಂತ?"

"ವಲ್ಯಮ್ಮಚ್ಚಿಯ ಸಣ್ಣ ಮಣಿ ಐವತ್ತಮೂರು. ಮೂವತ್ತಾರು ಸಿಕ್ಕಿತು. ಹದಿನೇಳು ಸಿಕ್ಕಲಿಲ್ಲ ಅಪ್ಪಚ್ಚಾ."

"ಹದಿನೇಳು ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಮೂರರಿಂದ ಆರು ಹೋಗುದಿಲ್ಲ. ಒಂದು ಹತ್ತನ್ನು ಬಿಡಿ ಮಾಡಿದೆ."

ಅವನು ಪುನಃ ತೆವಳಿದ. ಬೆಂಚಿನಡಿಯಿಂದ ಒಂಬತ್ತು. ಬಾಗಿಲ ಹತ್ತಿರ ನಾಲ್ಕು. ತಾಯಿಯ ಸೀರೆಯ ನೆರಿಗೆಯಿಂದ ಎರಡು. ಅವಕ್ಕೆ ರಕ್ತ ಹತ್ತಿತ್ತು, ಅಂಗಿಗೆ ಒರೆಸಿದ. ಎದ್ದು ನಿಂತು, "ಎರಡು ಬೇಕು. ಕಾಲು ಎತ್ತಿ" ಎಂದ.

ಅಪ್ಪನಿಗೆ ಅವನು ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಏಲಿಯಾಸ್ ಚೇಟ ಕಾಲು ಎತ್ತಿದರು. ಹಿಮ್ಮಡಿಯಲ್ಲಿ ಒಂದು ಮಣಿ ನಾಟಿಕೊಂಡಿತ್ತು. ಅದನ್ನು ಕಿತ್ತು, ಲುಂಗಿಗೆ ಒರೆಸಿ, ಮಗನ ಕೈಗೆ ಕೊಟ್ಟರು. ಇನ್ನೊಂದು ಎಲ್ಲಿಯೂ ಸಿಕ್ಕಲಿಲ್ಲ.

ಅಷ್ಟರಲ್ಲಿ ಬೊಬ್ಬೆ ಕೇಳಿ ಅಮ್ಮ ತೋಡು ದಾಟಿ ಬಂದಿದ್ದಳು. ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ ಹಾಗೆಯೇ ಇತ್ತು.

"ಇನ್ನೊಂದು ಪೆಟ್ಟು ಬೀಳಲಿ ಚೇಟ, ಈ ಕತ್ತಿ ಹುಲ್ಲಿಗೆ ಮಾತ್ರ ಅಲ್ಲ."

ಅವರು ಅವಳನ್ನು ನೋಡಲಿಲ್ಲ. ಗೆರಸೆಯ ಸಾಲುಗಳನ್ನೇ ನೋಡುತ್ತಿದ್ದರು. "ಜೂನ್ ಒಂದಕ್ಕೆ ಮಾಸ್ತ್ರು ಹೇಳಲಿ, ಆಮೇಲೆ ನೋಡುವ" ಎಂದು ಹೊರಗೆ ಹೋದರು.

ಜೂನ್ ಒಂದರಂದು ಚೇಚಿ ಸೀಳಿದ ತುಟಿಯಲ್ಲೇ ಮಗನನ್ನು ಕರೆದುಕೊಂಡು ಶಾಲೆಗೆ ಬಂದರು. ಪೋಕರನ ಲಾರಿ ರಸ್ತೆಯ ಬದಿಯಲ್ಲಿ ನಿಂತಿತ್ತು. ಏಲಿಯಾಸ್ ಚೇಟ ಅದಕ್ಕೆ ಒರಗಿ ಬೀಡಿ ಸೇದುತ್ತಿದ್ದರು.

ಮಾಸ್ತರು ಎಂಬತ್ತನಾಲ್ಕರಿಂದ ನಲವತ್ತೆಂಟು ಕಳೆ ಎಂದರು. ಬೆತ್ತ ಮೇಜಿನ ಮೇಲೆ ಇತ್ತು. ಆಂಟಣಿ ಎಡಗೈಯನ್ನು ಚಡ್ಡಿಯ ಕಿಸೆಗೆ ಹಾಕಿ, ಬಲಗೈಯಲ್ಲಿ ಸ್ಲೇಟಿನ ಮೇಲೆ ನಿಧಾನವಾಗಿ ಬರೆದ. ಮಾಸ್ತರ ಕಣ್ಣು ಕಿಸೆಗೆ ಹೋಯಿತು.

"ಕಿಸೆಯಲ್ಲಿ ಎಂತ ಉಂಟು? ಚೀಟಿಯಾ? ತೆಗಿ ಹೊರಗೆ!"

ಅವನು ತೆಗೆಯಲಿಲ್ಲ. ಮಾಸ್ತರು ಬೆತ್ತ ಎತ್ತಿ ಬೀಸಿದರು. ಅದು ಅವನ ಮೇಲೆ ಬೀಳುವ ಮೊದಲು ಚೇಚಿ ನಡುವೆ ಬಂದು ಹಿಡಿದರು. ಬೆತ್ತದ ತುದಿ ಸೀಳಿ ಚೂಪಾಗಿತ್ತು. ಮಾಸ್ತರು ಜೋರಾಗಿ ಎಳೆದರು, ಚೇಚಿ ಬಿಡಲಿಲ್ಲ. ಅಂಗೈ ಅಡ್ಡಕ್ಕೆ ಹರಿಯಿತು. ರಕ್ತ ಮೊಣಕೈಯವರೆಗೆ ಇಳಿಯಿತು.

"ಮೊದಲು ಲೆಕ್ಕ ನೋಡಿ ಮಾಸ್ತ್ರೆ. ತಪ್ಪಿದ್ರೆ ನನಗೆ ಹೊಡೀರಿ."

ಸ್ಲೇಟಿನಲ್ಲಿ ಮೂವತ್ತಾರು ಎಂದು ಇತ್ತು. ಮಾಸ್ತರು ಅದನ್ನು ನೋಡಿದರು. ಆಮೇಲೆ ಆಂಟಣಿಯ ಕೈಯನ್ನು ಕಿಸೆಯಿಂದ ಎಳೆದು ತೆಗೆದರು. ಕಿಸೆಯಲ್ಲಿ ಏನೂ ಇರಲಿಲ್ಲ. ಆ ಸೊಟ್ಟ ಕಿರುಬೆರಳನ್ನು ಅವನು ಶಾಲೆಯಲ್ಲಿ ಯಾವಾಗಲೂ ಹಾಗೆ ಅಡಗಿಸಿ ಇಡುತ್ತಿದ್ದ. ಮಾಸ್ತರು ಬೆರಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಬಿಟ್ಟು, ಹಾಜರಿ ಪುಸ್ತಕ ತೆರೆದು ಅವನ ಹೆಸರನ್ನು ನಾಲ್ಕನೆಯ ಕ್ಲಾಸಿನ ಪುಟದಲ್ಲಿ ಬರೆದರು.

ರಸ್ತೆಗೆ ಬಂದಾಗ ಪೋಕರ್ ಕೇಳಿದ, "ಎಂತ ಚೇಚಿ, ಬರುದಾ ನನ್ನೊಟ್ಟಿಗೆ?"

"ಇಲ್ಲ ಪೋಕರ್. ಅವನು ನಾಲ್ಕನೇ ಕ್ಲಾಸು."

"ಬಚಾವಾದೆ! ಲೆಕ್ಕ ಬರುವವ ಬಂದ್ರೆ ನಾನು ಲಾರಿಗೆ ಡೀಸೆಲ್ ಎಷ್ಟು ಕುಡಿಸಿದೆ ಅಂತ ಕೇಳ್ತಿದ್ದ" ಎಂದು ಅವನು ಲಾರಿ ಹತ್ತಿದ.

ಏಲಿಯಾಸ್ ಚೇಟ ಚೇಚಿಯ ಕೈ ನೋಡಿ ಹೆಗಲ ಮೇಲಿನ ತೋರ್ತು ಕೊಟ್ಟರು. ಅದನ್ನು ಹರಿದು ಕಟ್ಟಿದ್ದು ನನ್ನ ಅಮ್ಮ.

ಆಮೇಲೆ ಅವರು ಹೊಡೆಯುವುದನ್ನು ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಅದಾದ ಮೇಲೆ ಎರಡು ಸಲ ನಾನೇ ನೋಡಿದ್ದೇನೆ. ಆದರೆ ಮಗನ ಮೇಲೆ ಕೈ ಎತ್ತಿದ್ದನ್ನು ನೋಡಿಲ್ಲ. ಕೊಂತ ಅದೇ ಮೊಳೆಯಲ್ಲಿ ಇದೆ. ಕಾಣೆಯಾದ ಮಣಿಯ ಜಾಗದಲ್ಲಿ ಅಂಗಳದ ಕಾಬಾಳೆ ಗಿಡದ ಗುಂಡಗಿನ ಕರಿಬೀಜ ಇದೆ. ಅದನ್ನು ಪೋಣಿಸಿದವನು ಆಂಟಣಿ. ಅವನು ಈ ವರ್ಷ, ೧೯೮೫ರಲ್ಲಿ, ಹತ್ತನೆಯ ಕ್ಲಾಸು.

ಆ ಕರಿಬೀಜಗಳಿಂದಲೇ ಚೇಚಿ ಆಮೇಲೆ ಬೇರೆ ಸರಗಳನ್ನು ಮಾಡಿದರು. ರಜೆಯಲ್ಲಿ ಈಗಲೂ ಐದಾರು ಮಕ್ಕಳು ಆ ಚಾವಡಿಗೆ ಬರುತ್ತಾರೆ. ಕೇಳಿದ್ದಕ್ಕೆ ಯಾವ ಮಗುವಾದರೂ ತಪ್ಪು ಉತ್ತರ ಹೇಳಿದರೆ, ಚೇಚಿ ಮೊದಲು ಆ ಗೆರೆಯಿರುವ ಬಲಗೈಯನ್ನು ತೊಡೆಯ ಅಡಿಗೆ ಹಾಕಿ ಅದರ ಮೇಲೆ ಕೂರುತ್ತಾರೆ. ಆಮೇಲೆ ಸರವನ್ನು ಮಗುವಿನ ಕೈಗೆ ಕೊಟ್ಟು, "ನಿನಗೆ ಹೇಗೆ ಬಂತು, ಮುಟ್ಟಿ ತೋರ್ಸು" ಎನ್ನುತ್ತಾರೆ.